ಮಿಷಿಗನ್ ಸರೋವರದಲ್ಲಿ ಒಂದು ದಿನದ ಸಾಲ್ಮನ್ ಬೇಟೆ: ಬುಕಿಂಗ್‌ನಿಂದ ಬಾಣಲೆಯವರೆಗೆ

ಶಿಕಾಗೊ, ಮಿಲ್ವಾಕಿ, ಗ್ರ್ಯಾಂಡ್ ರಾಪಿಡ್ಸ್ ಸುತ್ತಮುತ್ತ ಇರುವ ನಮ್ಮ ಜನ ಬೇಸಿಗೆ ಹತ್ತಿರ ಬಂದಾಗ ಒಂದು ಪ್ರಶ್ನೆ ಕೇಳುತ್ತಾರೆ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಲೇಕ್‌ನಲ್ಲಿ ಮೀನು ಹಿಡಿಯೋಕೆ ಕರ್ಕೊಂಡು ಹೋಗ್ಬೇಕು, ಯಾವ ಬೋಟು ಒಳ್ಳೇದು?" ನನ್ನ ಪ್ರಕಾರ ಬೋಟು ಮೂರನೇ ಪ್ರಶ್ನೆ. ಮೊದಲನೆಯದು ಯಾವ ತಿಂಗಳು. ಎರಡನೆಯದು ಯಾವ ಬಂದರು. ಈ ಎರಡು ಸರಿ ಇದ್ದರೆ ಸಾಧಾರಣ ಬೋಟಿನಲ್ಲೂ ಮೀನು ಸಿಗುತ್ತದೆ. ಎರಡೂ ತಪ್ಪಿದರೆ ಎಂಥ ಕ್ಯಾಪ್ಟನ್ ಆದರೂ ದಿನವಿಡೀ ನಿಮಗೆ ನೀರು ತೋರಿಸಿ ವಾಪಸ್ ಕರೆತರುತ್ತಾನೆ.

ಕಾರಣ ಸರೋವರದ ಗಾತ್ರ. ಉದ್ದ 494 ಕಿಲೋಮೀಟರ್. ಅಗಲ, ಜಾಸ್ತಿ ಇರುವ ಕಡೆ, 190 ಕಿಲೋಮೀಟರ್. ತೀರಾ ಆಳದ ಜಾಗದಲ್ಲಿ 281 ಮೀಟರ್. ವಿಸ್ತೀರ್ಣ ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ. ಇಷ್ಟು ನೀರಿನಲ್ಲಿ ಮೀನು ಎಲ್ಲ ಕಡೆ ಹರಡಿಕೊಂಡಿರುವುದಿಲ್ಲ. ತನಗೆ ಹಿತವಾದ ತಣ್ಣನೆ ನೀರು ಮತ್ತು ತಿನ್ನಲು ಸಣ್ಣ ಮೀನು, ಇವೆರಡೂ ಒಟ್ಟಿಗೆ ಸಿಗುವಲ್ಲಿ ಗುಂಪು ಕಟ್ಟಿಕೊಂಡಿರುತ್ತದೆ. ಆ ಜಾಗ ವಾರ ವಾರವೂ ಬದಲಾಗುತ್ತದೆ. ಜೋರು ಗಾಳಿ ಬೀಸಿದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲೇ ಬದಲಾಗುವುದುಂಟು.

ಸಾಲ್ಮನ್ ಇಲ್ಲಿಗೆ ಬಂದಿದ್ದು ಹೇಗೆ

ಇಲ್ಲಿ ಸಿಗುವ ಸಾಲ್ಮನ್ ಮೂಲತಃ ಪೆಸಿಫಿಕ್ ಸಾಗರದ ಮೀನು. ಅದು ಸಿಹಿನೀರಿನ ಮಿಷಿಗನ್ ಸರೋವರಕ್ಕೆ ತಾನಾಗಿ ಬಂದಿದ್ದಲ್ಲ, ತಂದು ಬಿಟ್ಟಿದ್ದು. ಮೊದಲು ಇಲ್ಲಿ ರಾಜ್ಯ ಆಳುತ್ತಿದ್ದದ್ದು ಲೇಕ್ ಟ್ರೌಟ್ ಅನ್ನುವ ದೊಡ್ಡ ಮೀನು. ಹಡಗು ಕಾಲುವೆಗಳ ದಾರಿ ಹಿಡಿದು ಸೀ ಲ್ಯಾಂಪ್ರಿ ಒಳಗೆ ಬಂತು. ಅದು ಜಿಗಣೆಯ ಹಾಗೆ ಮೀನಿನ ಮೈಗೆ ಬಾಯಿ ಅಂಟಿಸಿ ರಕ್ತ ಹೀರುವ ಜೀವಿ. ಅದರ ಕಾಟ ಮತ್ತು ಮಿತಿ ಮೀರಿದ ಬಲೆ ಮೀನುಗಾರಿಕೆ ಸೇರಿ 1950ರ ದಶಕದ ಹೊತ್ತಿಗೆ ಲೇಕ್ ಟ್ರೌಟ್ ಬಹುತೇಕ ಮುಗಿದೇ ಹೋಯಿತು. ದೊಡ್ಡ ಮೀನಿಲ್ಲದ ಸರೋವರದಲ್ಲಿ ಏಲ್‌ವೈಫ್ ಅನ್ನುವ ಬೆಳ್ಳಿ ಬಣ್ಣದ ಸಣ್ಣ ಮೀನು ಲೆಕ್ಕವಿಲ್ಲದಷ್ಟು ಬೆಳೆಯಿತು. 1967ರ ಬೇಸಿಗೆಯಲ್ಲಿ ಅವು ರಾಶಿ ರಾಶಿ ಸತ್ತು ದಡಕ್ಕೆ ಬಿದ್ದವು. ಶಿಕಾಗೊದ ಬೀಚುಗಳಲ್ಲಿ ಕೊಳೆತ ಮೀನನ್ನು ಯಂತ್ರ ತಂದು ಎತ್ತಬೇಕಾಯಿತು.

ಅಷ್ಟರಲ್ಲಿ ಮಿಷಿಗನ್ ರಾಜ್ಯದ ಮೀನು ವಿಭಾಗದ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಒಂದು ಧೈರ್ಯದ ಕೆಲಸಕ್ಕೆ ಕೈ ಹಾಕಿದ್ದರು. ಒರೆಗಾನ್‌ನಿಂದ ಕೋಹೊ ಸಾಲ್ಮನ್ ಮೊಟ್ಟೆ ತರಿಸಿ, ಮರಿ ಮಾಡಿಸಿ, 1966ರಲ್ಲಿ ಪ್ಲ್ಯಾಟ್ ನದಿ ಮತ್ತು ಬೇರ್ ಕ್ರೀಕ್‌ಗೆ ಬಿಡಿಸಿದರು. ಮರುವರ್ಷ ಚಿನೂಕ್ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ ಕೂಡ ಬಂತು. ಏಲ್‌ವೈಫ್ ತಿಂದು ಕೋಹೊ ಕೊಬ್ಬಿ ಬೆಳೆದವು. 1967ರ ಶರತ್ಕಾಲದಲ್ಲಿ ಜನ ಸಿಕ್ಕ ಸಿಕ್ಕ ಸಣ್ಣ ದೋಣಿ ಹತ್ತಿ ನೀರಿಗಿಳಿದರು. ಅದೇ ಸೆಪ್ಟೆಂಬರ್‌ನಲ್ಲಿ ಎದ್ದ ಬಿರುಗಾಳಿಗೆ ಏಳು ಜನ ಸತ್ತರು. ಹವಾಮಾನ ನೋಡಿ ಕ್ಯಾಪ್ಟನ್ "ಇವತ್ತು ಬೇಡ" ಅಂದಾಗ ವಾದ ಮಾಡಬೇಡಿ ಅಂತ ಮುಂದೆ ಹೇಳಲಿದ್ದೇನೆ. ಆಗ ಈ ಸಂಗತಿ ನೆನಪಿರಲಿ.

ಈಗ ಒಂದು ದಿನದ ಟ್ರಿಪ್‌ನಲ್ಲಿ ಐದು ಬಗೆಯ ಮೀನು ಸಿಗಬಹುದು: ಚಿನೂಕ್, ಕೋಹೊ, ಸ್ಟೀಲ್‌ಹೆಡ್, ಬ್ರೌನ್ ಟ್ರೌಟ್, ಲೇಕ್ ಟ್ರೌಟ್. ಚಿನೂಕ್‌ಗೆ ಇಲ್ಲಿನವರು ಕಿಂಗ್ ಅಂತಲೇ ಕರೆಯುತ್ತಾರೆ. ಲಡಿಂಗ್ಟನ್ ಹತ್ತಿರ 2021ರ ಆಗಸ್ಟ್‌ನಲ್ಲಿ ಸಿಕ್ಕ ಕಿಂಗ್ 47.86 ಪೌಂಡ್, ಅಂದರೆ 21 ಕಿಲೋಗೂ ಮೇಲೆ ತೂಗಿ ರಾಜ್ಯದ ದಾಖಲೆ ಆಯಿತು. ನಿಮಗೆ ಅಂಥದ್ದು ಸಿಗುತ್ತದೆ ಅಂದುಕೊಳ್ಳಬೇಡಿ. ಐದರಿಂದ ಒಂಬತ್ತು ಕಿಲೋದ ಕಿಂಗ್ ಸಿಕ್ಕರೂ ತೋಳು ನೋಯುವುದು ಗ್ಯಾರಂಟಿ.

ಮೊದಲು ತಿಂಗಳು, ಆಮೇಲೆ ಬಂದರು

ಮಾರ್ಚ್ ಕೊನೆಯಿಂದ ಮೇ ತನಕ ಸರೋವರದ ದಕ್ಷಿಣ ತುದಿ ಮೊದಲು ಬೆಚ್ಚಗಾಗುತ್ತದೆ. ಕೋಹೊಗಳೆಲ್ಲ ಅಲ್ಲಿಗೇ ಬರುತ್ತವೆ. ಇಂಡಿಯಾನಾದ ಮಿಷಿಗನ್ ಸಿಟಿಯಲ್ಲಿ ಶುರುವಾಗಿ, ಶಿಕಾಗೊ, ವಾಕೀಗನ್, ವಿಂತ್ರಾಪ್ ಹಾರ್ಬರ್, ಕೆನೋಶಾ, ಹೀಗೆ ದಡ ಹಿಡಿದು ಉತ್ತರಕ್ಕೆ ಸರಿಯುತ್ತವೆ. ಈ ಕಾಲದ ಕೋಹೊ ಒಂದು, ಒಂದೂವರೆ ಕಿಲೋ ಇರುತ್ತದೆ ಅಷ್ಟೇ. ಆದರೆ ದಡದ ಹತ್ತಿರ, ಮೇಲಿನ ನೀರಿನಲ್ಲೇ, ಗುಂಪು ಗುಂಪಾಗಿ ಸಿಗುತ್ತದೆ. ಮಕ್ಕಳಿದ್ದರೆ, ಮೊದಲ ಸಲದವರಾಗಿದ್ದರೆ, ನಾನು ಹೇಳುವುದು ಮೇ ತಿಂಗಳ ಕೋಹೊ. ಬೋಟು ದೂರ ಓಡಬೇಕಾಗಿಲ್ಲ. ಒಂದು ಕಚ್ಚಿ ಇನ್ನೊಂದು ಕಚ್ಚುವ ನಡುವೆ ಮಕ್ಕಳಿಗೆ ಬೇಜಾರಾಗುವಷ್ಟು ಹೊತ್ತಾಗುವುದಿಲ್ಲ. ತಿನ್ನಲು ಕೂಡ ನನ್ನ ಮಟ್ಟಿಗೆ ಇದೇ ಸರೋವರದ ರುಚಿಯಾದ ಮೀನು.

ಜೂನ್‌ನಲ್ಲಿ ಸ್ಟೀಲ್‌ಹೆಡ್ ದಡದಿಂದ ದೂರದ ಆಳ ನೀರಿನ ಮೇಲ್ಪದರದಲ್ಲಿ ಸಿಗುತ್ತದೆ. ಕಚ್ಚಿದ ಕೂಡಲೇ ನೀರಿನಿಂದ ಮೇಲೆ ಹಾರುವ ಮೀನು ಅದು. ನೋಡೋಕೆ ಚೆಂದ, ದಡ ಸೇರಿಸೋದು ಕಷ್ಟ.

ಜುಲೈ, ಆಗಸ್ಟ್ ಕಿಂಗ್‌ಗಳ ಕಾಲ. ಪಶ್ಚಿಮ ದಡದಲ್ಲಿ ರಸೀನ್, ಮಿಲ್ವಾಕಿ, ಪೋರ್ಟ್ ವಾಷಿಂಗ್ಟನ್, ಶಬಾಯ್ಗನ್, ಇನ್ನೂ ಮೇಲೆ ಕೆವಾನಿ ಮತ್ತು ಅಲ್ಗೋಮಾ. ಪೂರ್ವ ದಡದಲ್ಲಿ ಗ್ರ್ಯಾಂಡ್ ಹೇವನ್, ಪೆಂಟ್‌ವಾಟರ್, ಲಡಿಂಗ್ಟನ್, ಮನಿಸ್ಟೀ, ಫ್ರಾಂಕ್‌ಫರ್ಟ್. ಜಿಪಿಎಸ್‌ನಲ್ಲಿ ಹಾಕಿದರೆ ಉತ್ತರದ ಊರುಗಳು ದೂರ ಅನಿಸುತ್ತವೆ. ಆದರೆ ದೊಡ್ಡ ಕಿಂಗ್ ಬೇಕು ಅಂದರೆ ಆಗಸ್ಟ್‌ನಲ್ಲಿ ಆ ಕಡೆ ಹೋಗುವುದೇ ಸರಿ. ದಡದಿಂದ ಸ್ವಲ್ಪ ದೂರ ಹೋದರೆ ಅಲ್ಲಿ ಆಳ ಬೇಗ ಸಿಗುತ್ತದೆ, ಮೊಟ್ಟೆ ಇಡಲು ನದಿಗೆ ಹತ್ತುವ ಮೀನೂ ಅಲ್ಲೇ ಬಂದು ಸೇರುತ್ತದೆ. ಸರೋವರದ ಕಿಂಗ್‌ಗಳಲ್ಲಿ ಈಗ ಹೆಚ್ಚಿನವು ಮಿಷಿಗನ್ ಕಡೆಯ ನದಿಗಳಲ್ಲಿ ತಾವಾಗಿಯೇ ಹುಟ್ಟಿದವು.

ಸೆಪ್ಟೆಂಬರ್‌ನಲ್ಲಿ ಕಿಂಗ್‌ಗಳು ಬಂದರಿನ ಬಾಯಿಗೇ ಬರುತ್ತವೆ. ಆಗ ಅವುಗಳ ಮೈ ಕಪ್ಪಗಾಗಿ, ಮಾಂಸ ಬಿಳಚಿಕೊಳ್ಳುತ್ತದೆ. ಗಾಳ ಎಳೆಯುವ ಮಜಾ ಸಾಕು ಅನ್ನುವವರಿಗೆ ಪರವಾಗಿಲ್ಲ. ಅಡುಗೆಗೆ ಅಂತ ಹೋಗುವವರು ಅಷ್ಟು ತಡ ಮಾಡಬೇಡಿ.

ಬಂದರಿನ ವಿಷಯದಲ್ಲಿ ಒಂದು ಮುಖ್ಯ ಎಚ್ಚರಿಕೆ. ಇಲಿನಾಯ್, ವಿಸ್ಕಾನ್ಸಿನ್ ಇರುವುದು ಸೆಂಟ್ರಲ್ ಟೈಮ್‌ನಲ್ಲಿ. ಎದುರು ದಡದ ಸೇಂಟ್ ಜೋಸೆಫ್, ಸೌತ್ ಹೇವನ್, ಲಡಿಂಗ್ಟನ್ ಎಲ್ಲ ಈಸ್ಟರ್ನ್ ಟೈಮ್. ಶಿಕಾಗೊದಿಂದ ಹೊರಟವರು ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಬೆಳಗಿನ 5ಕ್ಕೆ ಬೋಟು ಅಂದರೆ ನಿಮ್ಮ ಶಿಕಾಗೊ ಗಡಿಯಾರದಲ್ಲಿ 4. ಹಿಂದಿನ ರಾತ್ರಿ ಅಲ್ಲೇ ಉಳಿಯುವುದು ಜಾಣತನ.

ಪೂರ್ತಿ ದಿನ ಯಾರಿಗೆ

ಚಾರ್ಟರ್ ಬೋಟುಗಳು, ಅಂದರೆ ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ ಬೋಟುಗಳು, ಸಾಮಾನ್ಯವಾಗಿ ಎರಡು ಬಗೆಯ ಟ್ರಿಪ್ ಇಟ್ಟಿರುತ್ತವೆ. ಅರ್ಧ ದಿನ ಅಂದರೆ ನಾಲ್ಕೈದು ಗಂಟೆ. ಪೂರ್ತಿ ದಿನ ಅಂದರೆ ಎಂಟು ಗಂಟೆ ಆಸುಪಾಸು. ಕೊಡುವುದು ತಲೆಗೆ ಇಷ್ಟು ಅಂತಲ್ಲ, ಬೋಟಿಗೆ ಇಷ್ಟು ಅಂತ. ಅರ್ಧ ದಿನಕ್ಕೆ ಆರೇಳು ನೂರು ಡಾಲರ್, ಪೂರ್ತಿ ದಿನಕ್ಕೆ ಸಾವಿರ ದಾಟುವುದು ಮಾಮೂಲು. ಹೆಚ್ಚಿನ ಬೋಟುಗಳಲ್ಲಿ ಗಿರಾಕಿಗಳು ಆರು ಜನ ಮಾತ್ರ. ಅದು ಕೋಸ್ಟ್ ಗಾರ್ಡ್ ಕೊಡುವ ಲೈಸೆನ್ಸ್‌ನ ಮಿತಿ. ಏಳನೆಯವರು ಪುಟ್ಟ ಮಗು ಆದರೂ ಲೆಕ್ಕಕ್ಕೆ ಬರುತ್ತದೆ. ಗಾಳ ಹಿಡಿಯದೆ ಸುಮ್ನೆ ಕೂರುವ ಸಸ್ಯಾಹಾರಿ ಭಾವನೂ ಲೆಕ್ಕಕ್ಕೆ ಬರುತ್ತಾರೆ.

ಮಾರುವವರು ಹೇಳದೆ ಇರುವ ಮಾತು ಹೇಳುತ್ತೇನೆ. ಮೇ ತಿಂಗಳ ಕೋಹೊಗೆ ಪೂರ್ತಿ ದಿನ ಬೇಕಿಲ್ಲ. ಮೀನು ಹತ್ತಿರ ಇರುತ್ತದೆ. ಒಬ್ಬರಿಗೆ ದಿನಕ್ಕೆ ಇಷ್ಟೇ ಮೀನು ಅನ್ನುವ ಮಿತಿ ಇದೆ. ವಿಸ್ಕಾನ್ಸಿನ್, ಇಲಿನಾಯ್ ಕಡೆ ಸಾಲ್ಮನ್ ಮತ್ತು ಟ್ರೌಟ್ ಎಲ್ಲ ಸೇರಿ ಐದು. ಯಾವ ಜಾತಿ ಎಷ್ಟು ಅನ್ನುವ ಒಳನಿಯಮ ಆಗಾಗ ಬದಲಾಗುವುದರಿಂದ ಆ ವರ್ಷದ್ದನ್ನೇ ನೋಡಿಕೊಳ್ಳಿ. ಒಳ್ಳೆ ದಿನ ಆರು ಜನರ ಮಿತಿ ನಾಲ್ಕೇ ಗಂಟೆಯಲ್ಲಿ ಮುಗಿದುಬಿಡಬಹುದು. ಮುಗಿದ ಮೇಲೆ ಬೋಟು ವಾಪಸ್ ಬರುತ್ತದೆ.

ಪೂರ್ತಿ ದಿನಕ್ಕೆ ಅರ್ಥ ಇರುವುದು ಜುಲೈ, ಆಗಸ್ಟ್‌ನಲ್ಲಿ. ಮೀನು ದಡದಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರ ಇದ್ದರೆ ಹೋಗಿ ಬರೋಕೇ ಎರಡು ಗಂಟೆ ಹಿಡಿಯಬಹುದು. ಜೊತೆಗೆ ಕತ್ತಲಿರುವಾಗಲೇ ಕಿಂಗ್ ಹುಡುಕಿ, ಬಿಸಿಲೇರಿದ ಮೇಲೆ ಇನ್ನೂ ಆಚೆ ಹೋಗಿ ಸ್ಟೀಲ್‌ಹೆಡ್, ಆಮೇಲೆ ತಳದಲ್ಲಿ ಲೇಕ್ ಟ್ರೌಟ್, ಹೀಗೆ ಬೇರೆ ಬೇರೆ ಮೀನು ಹುಡುಕಲು ಸಮಯ ಇರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳು, ಮಂಡಿ ನೋವಿನ ಹಿರಿಯರು ಇದ್ದರೆ ಎಂಟು ಗಂಟೆ ಬೇಡವೇ ಬೇಡ. ಒಬ್ಬರಿಗೆ ಹೊಟ್ಟೆ ತೊಳಸಲು ಶುರುವಾದರೆ ಉಳಿದ ಐದು ಜನರ ದಿನವೂ ಅಷ್ಟೇ.

ಫೋನಿನಲ್ಲಿ ಕೇಳಬೇಕಾದದ್ದು

ಬೋಟು ಎಷ್ಟು ಅಡಿ, ಇಂಜಿನ್ ಯಾವುದು ಅಂತೆಲ್ಲ ಕೇಳಿ ನಮಗೆ ಏನೂ ಗೊತ್ತಾಗೋದಿಲ್ಲ. ಇವನ್ನು ಕೇಳಿ. ಆ ವಾರದಲ್ಲಿ ಸಾಧಾರಣವಾಗಿ ಯಾವ ಮೀನು, ಎಷ್ಟು ದೂರದಲ್ಲಿ ಸಿಗುತ್ತದೆ? ಮಿತಿ ಬೇಗ ಮುಗಿದರೆ ಏನು ಮಾಡುತ್ತೀರಿ? ಗಾಳಿ ಜೋರಿದ್ದು ರದ್ದಾದರೆ ಮುಂಗಡ ವಾಪಸ್ ಬರುತ್ತದೋ, ಬೇರೆ ದಿನಾಂಕ ಕೊಡುತ್ತೀರೋ? ಅರ್ಧ ದಾರಿಯಲ್ಲಿ ವಾಪಸ್ ಬರಬೇಕಾದರೆ? ಮೀನು ಕ್ಲೀನ್ ಮಾಡಿಕೊಡುವುದು ದರದಲ್ಲಿ ಸೇರಿದೆಯಾ? ಟಾಯ್ಲೆಟ್ ಇದೆಯಾ, ಬಾಗಿಲು ಹಾಕಿಕೊಳ್ಳುವಂಥದ್ದಾ? ಈ ಕೊನೆಯ ಪ್ರಶ್ನೆ ಕೇಳಲು ಮುಜುಗರ ಪಡಬೇಡಿ. ಅಮ್ಮನ ಜೊತೆ ಹೋಗುವವರಿಗೆ ಇದಕ್ಕಿಂತ ಮುಖ್ಯ ಪ್ರಶ್ನೆ ಇಲ್ಲ. ಮಕ್ಕಳಿದ್ದರೆ ಅವರ ತೂಕ ಹೇಳಿ, ಆ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತಲೂ ಕೇಳಿ.

ಉತ್ತರ ಕೊಡುವ ಧಾಟಿಯಲ್ಲೇ ಕ್ಯಾಪ್ಟನ್ ಎಂಥವನು ಅಂತ ಗೊತ್ತಾಗುತ್ತದೆ. "ಖಂಡಿತಾ ಬೋಟು ತುಂಬಾ ಮೀನು" ಅನ್ನುವವನನ್ನು ಬಿಡಿ. "ಆ ವಾರ ಗಾಳಿ ಹೇಗಿದೆ ನೋಡಿ ಹೇಳ್ತೀನಿ" ಅನ್ನುವವನನ್ನು ಹಿಡಿಯಿರಿ. ಶನಿವಾರ, ಭಾನುವಾರ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತವೆ. ಮಂಗಳವಾರ, ಬುಧವಾರ ಸಿಗುವುದು ಸುಲಭ, ನೀರಿನ ಮೇಲೆ ಬೋಟುಗಳೂ ಕಮ್ಮಿ.

ಪರವಾನಗಿ

ಬೋಟಿನ ದುಡ್ಡಿನಲ್ಲಿ ಸಾಮಾನ್ಯವಾಗಿ ಮೀನು ಹಿಡಿಯುವ ಪರವಾನಗಿ ಸೇರಿರುವುದಿಲ್ಲ. ನೀವು ಹೊರಡುವ ಬಂದರು ಯಾವ ರಾಜ್ಯದ್ದೋ ಆ ರಾಜ್ಯದ ಪರವಾನಗಿ ಬೇಕು. ಇಲಿನಾಯ್, ವಿಸ್ಕಾನ್ಸಿನ್‌ನಲ್ಲಿ 16 ತುಂಬಿದವರಿಗೆ, ಮಿಷಿಗನ್‌ನಲ್ಲಿ 17 ತುಂಬಿದವರಿಗೆ ಕಡ್ಡಾಯ. ವಿಸ್ಕಾನ್ಸಿನ್‌ನಲ್ಲಿ ವಾರ್ಷಿಕ ಪರವಾನಗಿ ಇದ್ದರೂ ಸಾಲ್ಮನ್-ಟ್ರೌಟ್ ಸ್ಟ್ಯಾಂಪ್ ಅನ್ನುವ ಹೆಚ್ಚುವರಿ ಅನುಮತಿ ಬೇರೆ ತೆಗೆದುಕೊಳ್ಳಬೇಕು. ಅಲ್ಲಿನ ಎರಡು ದಿನದ ಗ್ರೇಟ್ ಲೇಕ್ಸ್ ಪರವಾನಗಿಯಲ್ಲಿ ಸ್ಟ್ಯಾಂಪ್ ಸೇರಿಯೇ ಬರುತ್ತದೆ. ಒಂದು ಟ್ರಿಪ್‌ಗೆ ಅದೇ ಸಾಕು. ಮಿಷಿಗನ್‌ನಲ್ಲಿ ದಿನದ ಪರವಾನಗಿ ಸಿಗುತ್ತದೆ, ಪ್ರತ್ಯೇಕ ಸ್ಟ್ಯಾಂಪ್ ಇಲ್ಲ. ಎಲ್ಲ ರಾಜ್ಯಗಳಲ್ಲೂ ನೈಸರ್ಗಿಕ ಸಂಪನ್ಮೂಲ ಇಲಾಖೆಯ ವೆಬ್‌ಸೈಟ್‌ನಲ್ಲೇ ಕೊಳ್ಳಬಹುದು.

ಊರಿಂದ ಬಂದ ಅಪ್ಪನಿಗೆ ಹೊರಗಿನವರ ಪರವಾನಗಿ ಬೇಕು. ಅರ್ಜಿಯಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುವುದರಿಂದ ಪ್ರವಾಸಿ ವೀಸಾದವರ ವಿಷಯದಲ್ಲಿ ಏನು ಮಾಡಬೇಕು ಅಂತ ಒಂದು ವಾರ ಮೊದಲೇ ಕ್ಯಾಪ್ಟನ್‌ನನ್ನೋ, ಬಂದರಿನ ಹತ್ತಿರದ ಗಾಳದ ಅಂಗಡಿಯವರನ್ನೋ ಕೇಳಿ. ಬೆಳಗಿನ ಜಾವ ನಾಲ್ಕಕ್ಕೆ ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಫೋನಿನಲ್ಲಿ ಫಾರಂ ತುಂಬುವ ಕೆಲಸ ಬೇಡ.

ಹಿಂದಿನ ದಿನ

ಬಟ್ಟೆ. ದಡದಲ್ಲಿ 30 ಡಿಗ್ರಿ ಇದ್ದರೂ ಬೆಳಗಿನ ಜಾವ ಸರೋವರದ ಮಧ್ಯೆ ಚಳಿ ಇರುತ್ತದೆ. ಮೇ ತಿಂಗಳಲ್ಲಂತೂ ಚಳಿಗಾಲದ ಜಾಕೆಟ್, ಟೋಪಿ, ಕೈಗವಸು ಎಲ್ಲ ಬೇಕು. ಒಂದರ ಮೇಲೊಂದು ಹಾಕಿಕೊಂಡು ಹೋಗಿ, ಬಿಸಿಲು ಏರಿದ ಹಾಗೆ ತೆಗೆಯಿರಿ. ಮಳೆ ಇಲ್ಲದಿದ್ದರೂ ರೇನ್‌ಕೋಟ್ ಇರಲಿ, ಗಾಳಿ ತಡೆಯುತ್ತದೆ. ಚಪ್ಪಲಿ ಬೇಡ, ಒದ್ದೆ ನೆಲದಲ್ಲಿ ಜಾರುತ್ತದೆ. ಬಿಳಿ ಡೆಕ್ ಮೇಲೆ ಗೀಟು ಬೀಳಿಸದ ರಬ್ಬರ್ ತಳದ ಶೂ ಹಾಕಿ.

ವಾಂತಿ ಮಾತ್ರೆ. ಸಮುದ್ರ ಅಲ್ಲವಲ್ಲ, ನನಗೇನೂ ಆಗೋಲ್ಲ ಅನ್ನುವವರೇ ಜಾಸ್ತಿ ಒದ್ದಾಡುವುದು. ಸರೋವರದ ಅಲೆಗಳು ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತವೆ. ಬೋಟು ಓಡುವಾಗಿನದಕ್ಕಿಂತ ಗಾಳ ಬಿಟ್ಟು ನಿಧಾನ ಚಲಿಸುವಾಗ ತೂಗಾಟ ಹೆಚ್ಚು. ಮೆಕ್ಲಿಜಿನ್ ಅಥವಾ ಡೈಮೆನ್‌ಹೈಡ್ರಿನೇಟ್ ಇರುವ ಮಾತ್ರೆ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಹೊರಡುವ ಒಂದು ಗಂಟೆ ಮೊದಲಾದರೂ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಬಿಪಿ, ಪ್ರೋಸ್ಟೇಟ್, ಗ್ಲಾಕೋಮಾ ಇರುವ ಹಿರಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಬೋಟಿನಲ್ಲಿ ಕ್ಯಾಬಿನ್ ಒಳಗೆ ಹೋಗಿ ಮಲಗಬೇಡಿ, ಫೋನು ನೋಡಬೇಡಿ. ಹಿಂಭಾಗದಲ್ಲಿ ಗಾಳಿಗೆ ನಿಂತು ದೂರದ ದಡವನ್ನೋ, ನೀರು ಆಕಾಶ ಸೇರುವ ಗೆರೆಯನ್ನೋ ನೋಡಿ.

ಊಟ. ಚಪಾತಿ ರೋಲ್, ಇಡ್ಲಿ, ಪುಳಿಯೋಗರೆ ಪರವಾಗಿಲ್ಲ. ಎಣ್ಣೆ ತಿಂಡಿ, ವಡೆ, ಬೋಂಡ ಬೇಡ. ಮತ್ತೆ ಬಾಳೆಹಣ್ಣು ಮಾತ್ರ ಖಂಡಿತಾ ತರಬೇಡಿ. ಇದು ತಮಾಷೆ ಅಲ್ಲ. ಬೋಟಿನಲ್ಲಿ ಬಾಳೆಹಣ್ಣು ಇದ್ದರೆ ಮೀನು ಕಚ್ಚೋಲ್ಲ ಅನ್ನುವ ನಂಬಿಕೆ ಇಲ್ಲಿನ ಕ್ಯಾಪ್ಟನ್‌ಗಳಿಗೆ ಬಹಳ ಗಟ್ಟಿ. ಹೊರಡುವ ಮುಂಚೆ ಬ್ಯಾಗಿನಲ್ಲಿ ಇದೆಯಾ ಅಂತ ಕೇಳುವವರೂ ಇದ್ದಾರೆ. ಪೂಜೆ ಮಾಡಿಸಿದ ಪ್ರಸಾದ ಅಂದರೂ ರಿಯಾಯಿತಿ ಸಿಗೋದು ಅನುಮಾನ. ಕಾರಿನಲ್ಲೇ ಬಿಟ್ಟು ಹತ್ತಿ.

ದೊಡ್ಡ ಕೂಲರ್‌ನಲ್ಲಿ ಐಸ್ ತುಂಬಿ ಅದನ್ನೂ ಕಾರಿನಲ್ಲೇ ಇಡಿ. ಹಿಡಿದ ಮೀನಿಗೆ ಬೋಟಿನಲ್ಲಿ ಬೇರೆ ಐಸ್ ಪೆಟ್ಟಿಗೆ ಇರುತ್ತದೆ.

ರಾತ್ರಿ ಮಲಗುವ ಮುನ್ನ ರಾಷ್ಟ್ರೀಯ ಹವಾಮಾನ ಸೇವೆಯ ದಡದ ಹತ್ತಿರದ ನೀರಿನ ಮುನ್ಸೂಚನೆ ನೋಡಿ. ಅದರಲ್ಲಿ ಅಲೆ ಎಷ್ಟು ಅಡಿ ಅಂತ ಕೊಟ್ಟಿರುತ್ತಾರೆ. ಒಂದರಿಂದ ಎರಡು ಅಡಿ ಅಂದರೆ ಹಾಯಾಗಿರುತ್ತದೆ. ಮೂರರಿಂದ ಐದು ಅಂದರೆ ಅಪ್ಪ ಅಮ್ಮನನ್ನು ಹೋಟೆಲಿನಲ್ಲೇ ಬಿಡಿ. ಸಣ್ಣ ದೋಣಿಗಳಿಗೆ ಎಚ್ಚರಿಕೆ ಕೊಟ್ಟಿದ್ದರೆ ಕ್ಯಾಪ್ಟನ್‌ನೇ ಫೋನ್ ಮಾಡುತ್ತಾನೆ. ಆಕಾಶ ನೀಲಿ ಇದೆಯಲ್ಲ ಅಂತ ಆಗ ವಾದಕ್ಕೆ ಇಳಿಯಬೇಡಿ.

ನೀರಿನ ಮೇಲೆ ಏನು ನಡೆಯುತ್ತದೆ

ಜುಲೈನಲ್ಲಿ ಮಿಲ್ವಾಕಿಯಲ್ಲಿ ಸೂರ್ಯ ಹುಟ್ಟುವುದು 5:20ರ ಆಸುಪಾಸು. ಕಿಂಗ್ ಬೆಳಕಿಗೆ ಹೆದರುವ ಮೀನು. ಹಾಗಾಗಿ ಕತ್ತಲಿರುವಾಗಲೇ ಗಾಳ ನೀರಿನಲ್ಲಿರಬೇಕು. ಆ ಹೊತ್ತಿನಲ್ಲಿ ಬಳಸುವುದು ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಸ್ಪೂನ್, ಅಂದರೆ ಸಣ್ಣ ಮೀನಿನ ಹಾಗೆ ಕಾಣುವ ಚಮಚದಾಕಾರದ ತಗಡು. ಕ್ಯಾಪ್ಟನ್‌ನ ಸಹಾಯಕ, ಇಲ್ಲಿ ಅವನಿಗೆ ಮೇಟ್ ಅನ್ನುತ್ತಾರೆ, ಅದಕ್ಕೆ ಟಾರ್ಚ್ ಹಿಡಿದು ಬೆಳಕು ತುಂಬಿ ನೀರಿಗೆ ಬಿಡುತ್ತಾನೆ.

ಇಲ್ಲಿ ಬೋಟು ನಿಲ್ಲಿಸಿ ಗಾಳ ಹಾಕಿ ಕಾಯುವ ಪದ್ಧತಿ ಇಲ್ಲ. ಗಂಟೆಗೆ ನಾಲ್ಕು ಕಿಲೋಮೀಟರ್‌ನಷ್ಟು ವೇಗದಲ್ಲಿ ಬೋಟು ಚಲಿಸುತ್ತಲೇ ಇರುತ್ತದೆ. ಹಿಂದೆ ಹತ್ತು ಹನ್ನೆರಡು ರಾಡ್‌ಗಳ ಗಾಳ ಬೇರೆ ಬೇರೆ ಆಳದಲ್ಲಿ ಎಳೆದುಕೊಂಡು ಬರುತ್ತದೆ. ಇದಕ್ಕೆ ಟ್ರೋಲಿಂಗ್ ಅಂತಾರೆ. ಇಡೀ ಆಟ ಇರುವುದು ಆಳದಲ್ಲಿ.

ಬೇಸಿಗೆಯಲ್ಲಿ ಸರೋವರದ ನೀರು ಪದರ ಪದರ ಆಗಿರುತ್ತದೆ. ಮೇಲೆ 20 ಡಿಗ್ರಿಯ ಬೆಚ್ಚನೆ ನೀರು, ಕೆಳಗೆ 4-5 ಡಿಗ್ರಿಯ ಕೊರೆಯುವ ನೀರು. ಮಧ್ಯೆ ಕೆಲವೇ ಮೀಟರ್‌ನಲ್ಲಿ ಉಷ್ಣತೆ ಸರ್ರನೆ ಇಳಿಯುತ್ತದೆ. ಕಿಂಗ್‌ಗೆ ಹಿತವಾದ 10ರಿಂದ 13 ಡಿಗ್ರಿ ಇರುವುದು ಆ ಮಧ್ಯದಲ್ಲಿ. ದಡದಿಂದ ಒಳಕ್ಕೆ ಗಾಳಿ ಬೀಸಿದರೆ ಬೆಚ್ಚನೆ ನೀರು ಆಚೆ ತಳ್ಳಿಹೋಗಿ, ತಣ್ಣನೆ ನೀರು ದಡದ ಹತ್ತಿರವೇ ಮೇಲೇಳುತ್ತದೆ. ನಿನ್ನೆ ಈಜಾಡಿದ ಬೀಚಿನಲ್ಲಿ ಇವತ್ತು ಕಾಲು ಇಡೋಕಾಗೋಲ್ಲ. ಮೀನು ಮಾತ್ರ ಅಲ್ಲೇ ಬಂದಿರುತ್ತದೆ. ಗಾಳಿ ತಿರುಗಿದರೆ ಅದೇ ಪದರ ಮೂವತ್ತು ಮೀಟರ್ ಕೆಳಗೆ. ಕ್ಯಾಪ್ಟನ್ ಬೋಟು ಓಡಿಸುತ್ತಾ ಸ್ಕ್ರೀನ್ ಕಡೆಗೇ ನೋಡುತ್ತಿರುತ್ತಾನಲ್ಲ, ಅವನು ಹುಡುಕುವುದು ಇದನ್ನೇ. ಕೆಳಗಿಳಿಸಿದ ಒಂದು ಸೆನ್ಸರ್ ಆ ಆಳದ ಉಷ್ಣತೆ ಮತ್ತು ವೇಗ ಎರಡನ್ನೂ ಅವನಿಗೆ ಹೇಳುತ್ತಿರುತ್ತದೆ. ಮೇಲೆ ಬೋಟಿನ ವೇಗ ಒಂದಿದ್ದರೆ, ಕೆಳಗಿನ ಪ್ರವಾಹದಿಂದ ಗಾಳದ ವೇಗ ಇನ್ನೊಂದಿರುತ್ತದೆ. ನೀವು ದುಡ್ಡು ಕೊಡುತ್ತಿರುವುದು ಈ ಲೆಕ್ಕಕ್ಕೆ.

ಆಳಕ್ಕೆ ಇಳಿಸುವ ಮುಖ್ಯ ಸಾಧನ ಡೌನ್‌ರಿಗ್ಗರ್. ಉಕ್ಕಿನ ತಂತಿಯ ತುದಿಗೆ ನಾಲ್ಕೈದು ಕಿಲೋದ ಸೀಸದ ಗುಂಡು. ಗಾಳದ ದಾರವನ್ನು ಒಂದು ಕ್ಲಿಪ್ಪಿನಿಂದ ಅದಕ್ಕೆ ಸಿಕ್ಕಿಸಿ ಬೇಕಾದ ಆಳಕ್ಕೆ ಬಿಡುತ್ತಾರೆ. ಮೀನು ಕಚ್ಚಿ ಎಳೆದಾಗ ಕ್ಲಿಪ್ಪು ಬಿಚ್ಚಿಕೊಳ್ಳುತ್ತದೆ, ಬಾಗಿ ನಿಂತಿದ್ದ ರಾಡ್ ಚಟ್ಟನೆ ನೆಟ್ಟಗಾಗುತ್ತದೆ. ಇನ್ನು ಕೆಲವು ಗಾಳಗಳನ್ನು ಡೈವರ್ ಅನ್ನುವ, ಕೆಳಕ್ಕೆ ಎಳೆಯುವ ತಟ್ಟೆ ಕಟ್ಟಿಯೋ, ಒಳಗೆ ಸೀಸ ಇರುವ ದಾರ ಅಥವಾ ತಾಮ್ರದ ದಾರ ಬಳಸಿಯೋ ಮುಳುಗಿಸುತ್ತಾರೆ. ವಸಂತದ ಕೋಹೊಗೆ ಇದೆಲ್ಲ ಬೇಕಿಲ್ಲ. ನೀರಿನ ಮೇಲೆ ತೇಲುವ ಸಣ್ಣ ಹಲಗೆಗಳಿಂದ ದಾರವನ್ನು ಪಕ್ಕಕ್ಕೆ ಹರಡಿ, ಕೆಂಪು-ಕಿತ್ತಳೆ ಬಣ್ಣದ ಡಾಡ್ಜರ್ (ನೀರಿನಲ್ಲಿ ಓಲಾಡಿ ಮೀನನ್ನು ಸೆಳೆಯುವ ಪಟ್ಟಿ) ಹಿಂದೆ ಪುಟ್ಟ ಫ್ಲೈ (ಎಳೆಗಳನ್ನು ಕಟ್ಟಿ ಮಾಡಿದ ಕೃತಕ ಆಮಿಷ) ಕಟ್ಟುತ್ತಾರೆ. ಕಿಂಗ್‌ಗೆ ದೊಡ್ಡ ಫ್ಲಾಷರ್ (ಸುತ್ತುತ್ತಾ ಮಿನುಗುವ ಪಟ್ಟಿ) ಹಿಂದೆ ಫ್ಲೈ, ಅಥವಾ ಹೆರಿಂಗ್ ಮೀನಿನ ಪಟ್ಟಿ.

ಈ ಕೆಲಸದಲ್ಲಿ ಕೈ ಹಾಕಬೇಡಿ. ಸಹಾಯ ಮಾಡೋಣ ಅಂತ ಮುಟ್ಟಿದರೆ ದಾರ ಸಿಕ್ಕಾಗುತ್ತದೆ. ನೀವು ಮಾಡಬೇಕಾದ ಕೆಲಸ ಬೇರೆ ಇದೆ: ಸರದಿ ಹಾಕಿಕೊಳ್ಳಿ. ಮೊದಲ ಮೀನು ಯಾರದು, ಎರಡನೆಯದು ಯಾರದು ಅಂತ ಬೋಟು ಹತ್ತುವಾಗಲೇ ಚೀಟಿ ಎತ್ತಿ. ಇಲ್ಲದಿದ್ದರೆ ಕಚ್ಚಿದ ತಕ್ಷಣ ಮೂರು ಜನ ನುಗ್ಗುತ್ತಾರೆ, ಉಳಿದವರು "ನೀನು ಹಿಡಿ, ನೀನು ಹಿಡಿ" ಅಂತ ಮರ್ಯಾದೆ ತೋರಿಸುತ್ತಾರೆ. ಎರಡರಲ್ಲೂ ಮೀನು ಹೋಗುತ್ತದೆ.

ಮೀನು ಕಚ್ಚಿದಾಗ

ಮೇಟ್ ರಾಡ್ ತೆಗೆದು ನಿಮ್ಮ ಕೈಗೆ ಕೊಡುತ್ತಾನೆ. ಬುಡವನ್ನು ಹೊಟ್ಟೆಗೋ, ಸೊಂಟದ ಪಟ್ಟಿಗೋ ಒತ್ತಿ ಹಿಡಿಯಿರಿ. ತುದಿ ಮೇಲಿರಲಿ. ಬೋಟು ನಿಲ್ಲೋದಿಲ್ಲ, ನಿಲ್ಲಿಸಿದರೆ ಉಳಿದ ದಾರಗಳೆಲ್ಲ ಗೋಜಲಾಗುತ್ತವೆ. ಆದ್ದರಿಂದ ಮೀನಿನ ಎಳೆತ, ಬೋಟಿನ ಎಳೆತ ಎರಡೂ ನಿಮ್ಮ ತೋಳಿಗೇ ಬೀಳುತ್ತದೆ.

ಕಿಂಗ್ ಮೊದಲ ಓಟ ಓಡುವಾಗ ರೀಲ್ ಕಿರುಚುತ್ತದೆ. ಆಗ ಹಿಡಿಕೆ ತಿರುಗಿಸಬೇಡಿ. ದಾರಕ್ಕೆ ಕೈಯನ್ನಂತೂ ಒಡ್ಡಲೇಬೇಡಿ. ಓಡಲಿ ಬಿಡಿ. ನೂರು ಮೀಟರ್ ಓಡಿ ನಿಂತ ಮೇಲೆ ನಿಮ್ಮ ಸರದಿ. ನಿಧಾನವಾಗಿ ರಾಡ್ ಮೇಲೆತ್ತಿ, ಇಳಿಸುತ್ತಾ ಸುತ್ತಿ. ಇಳಿಸುವಾಗ ದಾರ ಸಡಿಲ ಆಗಬಾರದು. ಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಆ ಒಂದು ಕ್ಷಣದಲ್ಲೇ. ಮೀನು ಬೋಟಿನ ಕಡೆಗೇ ಓಡಿ ಬಂದರೆ ಹೋಯ್ತು ಅಂದುಕೊಂಡು ನಿಲ್ಲಿಸಬೇಡಿ, ಜೋರಾಗಿ ಸುತ್ತಿ.

ಲೇಕ್ ಟ್ರೌಟ್ ಓಡೋದಿಲ್ಲ. ತಳದಿಂದ ಭಾರವಾಗಿ ತಲೆ ಅಲ್ಲಾಡಿಸುತ್ತಾ ಬರುತ್ತದೆ. ಹೊಸಬರಿಗೆ, ಹಿರಿಯರಿಗೆ ಅದೇ ಒಳ್ಳೇದು. ಕೋಹೊ ಮೇಲೆ ಬಂದು ತಿರುಗಣಿ ಹೊಡೆಯುತ್ತದೆ.

ಬೋಟು ಕಂಡಾಗ ಕಿಂಗ್ ಇನ್ನೊಂದು ಓಟ ಓಡುತ್ತದೆ. ಫೋಟೊ ತೆಗೆಯುವವರು ಹತ್ತಿರ ಬಂದು ಮೇಟ್‌ಗೆ ಅಡ್ಡ ನಿಲ್ಲುವುದು ಕೂಡ ಇದೇ ಹೊತ್ತಿಗೆ. ಬಲೆ ಹಿಡಿದು ಮೇಟ್ ಹಿಂಬದಿಯ ಅಂಚಿಗೆ ಬಗ್ಗಿದಾಗ, ರಾಡ್ ಹಿಡಿದವರು ಒಂದೊಂದೇ ಹೆಜ್ಜೆ ಹಿಂದಕ್ಕೆ, ಕ್ಯಾಬಿನ್ ಕಡೆ ಸರಿಯಬೇಕು. ಆಗ ಮೀನು ಬಲೆಯ ಮೇಲೆ ಜಾರಿ ಬರುತ್ತದೆ. ಎಲ್ಲರೂ ಮಾಡುವುದು ಉಲ್ಟಾ: ಮೀನು ನೋಡುವ ಆಸೆಗೆ ಮುಂದಕ್ಕೆ ನಡೆಯುತ್ತಾರೆ, ದಾರ ಸಡಿಲ ಆಗುತ್ತದೆ.

ಹಿಡಿದು ಬಿಟ್ಟುಬಿಡೋಣ ಅನ್ನುವವರಿಗೆ ಒಂದು ಮಾತು. ನಡುಬೇಸಿಗೆಯಲ್ಲಿ ಆಳದ ತಣ್ಣನೆ ನೀರಿನಿಂದ ಎಳೆದು ತಂದ ಸಾಲ್ಮನ್ ಮೇಲಿನ ಬೆಚ್ಚನೆ ನೀರಿನಲ್ಲಿ ಸುಸ್ತಾಗಿ ಬದುಕುಳಿಯುವುದು ಕಷ್ಟ. ಸಾಕಷ್ಟು ಆಯಿತು ಅನಿಸಿದರೆ ಮಿತಿ ಮುಟ್ಟುವ ಮೊದಲೇ ನಿಲ್ಲಿಸಲು ಹೇಳಿ. ಕ್ಯಾಪ್ಟನ್ ಬೇಜಾರು ಮಾಡಿಕೊಳ್ಳೋದಿಲ್ಲ. ಹಿಡಿದ ಮೀನಿನ ಬಾಲದ ಹತ್ತಿರ, ಬೆನ್ನ ಮೇಲೆ ಒಂದು ಪುಟ್ಟ ರೆಕ್ಕೆ ಇರುತ್ತದೆ. ಅದನ್ನು ಕತ್ತರಿಸಿದ್ದರೆ ಅದು ಮರಿಕೇಂದ್ರದಿಂದ ಬಿಟ್ಟ ಮೀನು ಅಂತ ಲೆಕ್ಕ. ಮಕ್ಕಳಿಗೆ ತೋರಿಸಿ, ಎಣಿಸಲು ಹೇಳಿ. ಹೊತ್ತು ಹೋಗುತ್ತದೆ.

ದಕ್ಕೆಗೆ ಮರಳಿದ ಮೇಲೆ

ಮೀನನ್ನು ಹಲಗೆಗೆ ನೇತು ಹಾಕಿ ಫೋಟೊ ತೆಗೆದ ಮೇಲೆ ಮೇಟ್ ಕ್ಲೀನ್ ಮಾಡಲು ಕೂರುತ್ತಾನೆ. ಏನೂ ಹೇಳದಿದ್ದರೆ ಅವನು ಮುಳ್ಳು ತೆಗೆದ ಉದ್ದ ಫಿಲೆ ಮಾಡುತ್ತಾನೆ. ಸಾರಿಗೆ ಮುಳ್ಳಿನ ಸಮೇತ ಅಡ್ಡ ತುಂಡು ಬೇಕಾದರೆ ಚಾಕು ಹಾಕುವ ಮೊದಲೇ ಹೇಳಿ. ಟಿಪ್ ಅಂತ ಟ್ರಿಪ್‌ನ ದರದ ಮೇಲೆ ನೂರಕ್ಕೆ 15ರಿಂದ 20 ಕೊಡುವುದು ವಾಡಿಕೆ. ಬೋಟು ಕ್ಯಾಪ್ಟನ್‌ನದೇ ಆಗಿದ್ದರೂ ಮೇಟ್‌ಗೆ ಮುಖ್ಯ ಸಂಪಾದನೆ ಇದೇ. ನಗದು ಇಟ್ಟುಕೊಂಡಿರಿ.

ತಿನ್ನುವ ಮೊದಲು ಒಂದು ವಿಷಯ ತಿಳಿದಿರಬೇಕು. ಸರೋವರದ ತಳದ ಕೆಸರಿನಲ್ಲಿ ಹಳೆಯ ಕಾರ್ಖಾನೆಗಳ ಪಿಸಿಬಿ ಅನ್ನುವ ರಾಸಾಯನಿಕ ಇನ್ನೂ ಇದೆ. 1979ರಲ್ಲೇ ಅಮೆರಿಕ ಅದನ್ನು ನಿಷೇಧಿಸಿದರೂ ಅದು ಕರಗಿ ಹೋಗುವಂಥದ್ದಲ್ಲ. ಮೀನಿನ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಮೀನು ದೊಡ್ಡದು, ವಯಸ್ಸಾದದ್ದು, ಕೊಬ್ಬಿನದು ಆದಷ್ಟೂ ಜಾಸ್ತಿ. ಹಾಗಾಗಿ ದೊಡ್ಡ ಲೇಕ್ ಟ್ರೌಟ್‌ನಲ್ಲಿ ಹೆಚ್ಚು, ಮೇ ತಿಂಗಳ ಕೋಹೊದಲ್ಲಿ ಕಮ್ಮಿ. ಯಾವ ಮೀನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಪ್ರತಿ ರಾಜ್ಯವೂ ಪಟ್ಟಿ ಹಾಕುತ್ತದೆ. ಬಸುರಿಯರು, ಮಕ್ಕಳು ಅದನ್ನು ನೋಡಿಯೇ ತಿನ್ನಬೇಕು. ಚರ್ಮ, ಬೆನ್ನಿನ ಮೇಲಿನ ಕೊಬ್ಬು, ಹೊಟ್ಟೆಯ ಕೊಬ್ಬು, ಪಕ್ಕದ ಕಂದು ಗೆರೆ ಇಷ್ಟನ್ನು ತೆಗೆದರೆ ಬಹಳ ಕಮ್ಮಿಯಾಗುತ್ತದೆ. ಗ್ರಿಲ್ ಮೇಲೆ ಸುಟ್ಟರೆ ಉಳಿದ ಕೊಬ್ಬೂ ತೊಟ್ಟಿಕ್ಕಿ ಹೋಗುತ್ತದೆ. ಸಾರಿನಲ್ಲಿ ಅದು ಪಾತ್ರೆಯಲ್ಲೇ ಉಳಿಯುವುದರಿಂದ ಸಾರು ಮಾಡುವವರು ಮೊದಲೇ ಚೆನ್ನಾಗಿ ತೆಗೆದುಬಿಡಿ. ತಲೆ ಸಾರಿನ ಆಸೆ ಈ ಮೀನಿಗೆ ಬೇಡ.

ರುಚಿಯ ವಿಷಯದಲ್ಲಿ ಬಂಗುಡೆ, ಅಂಜಲ್ ತಿಂದು ಬೆಳೆದವರಿಗೆ ಸಾಲ್ಮನ್ ಸ್ವಲ್ಪ ಸಪ್ಪೆ, ಜೊತೆಗೆ ಜಿಡ್ಡು ಅನಿಸುತ್ತದೆ. ಕೋಹೊ ಫಿಲೆಯನ್ನು ಅಡ್ಡಡ್ಡ ಕತ್ತರಿಸಿ, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ ಅರೆದು ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿದರೆ ಏನೂ ಹೇಳುವ ಹಾಗಿಲ್ಲ. ಬೇಗ ಬೇಯುತ್ತದೆ, ಒಂದು ಬದಿಗೆ ಮೂರು ನಿಮಿಷ ಸಾಕು. ಕಿಂಗ್ ದಪ್ಪ ತುಂಡು ಗ್ರಿಲ್‌ಗೆ ಸರಿ. ತೆಂಗಿನಕಾಯಿ ಹಾಕಿದ ಗಸಿಗೆ ಸಾಲ್ಮನ್ ಹೊಂದೋದಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಜಿಡ್ಡಿನ ಮೇಲೆ ಜಿಡ್ಡು. ಲೇಕ್ ಟ್ರೌಟ್‌ಗೆ ಕಾಯಿ ಇಲ್ಲದೆ, ಹುಳಿ ಖಾರ ಜೋರಾಗಿ ಹಾಕಿದ ಪುಳಿಮುಂಚಿ ಚೆನ್ನಾಗಿರುತ್ತದೆ.

ಹಸಿಯಾಗಿ ಸುಶಿ ಮಾಡುವ ಯೋಚನೆ ಇದ್ದರೆ ಬಿಡಿ. ಸಿಹಿನೀರಿನ ಮೀನಿನಲ್ಲಿ ಲಾಡಿಹುಳು ಇರಬಹುದು. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಅದು ಸಾಯುತ್ತದೆ, ಆದರೆ ಮನೆಯ ಫ್ರಿಜ್ಜಿನ ಫ್ರೀಜರ್ ಅಷ್ಟು ತಣ್ಣಗಿರುತ್ತದೆ ಅಂತ ನಂಬುವ ಹಾಗಿಲ್ಲ. ಎರಡು ದಿನದಲ್ಲಿ ತಿನ್ನುವಷ್ಟು ಫ್ರಿಜ್ಜಿನಲ್ಲಿಡಿ. ಉಳಿದದ್ದನ್ನು ಒಂದು ಊಟಕ್ಕೆ ಆಗುವಷ್ಟು ಭಾಗ ಮಾಡಿ, ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ ಹಾಕಿ, ಮೀನಿನ ಹೆಸರು ಮತ್ತು ದಿನಾಂಕ ಬರೆದು ಫ್ರೀಜ್ ಮಾಡಿ. ಕೊಬ್ಬಿನ ಮೀನಾದ್ದರಿಂದ ಎರಡು ಮೂರು ತಿಂಗಳಲ್ಲಿ ಮುಗಿಸಿದರೆ ವಾಸನೆ ಬರುವುದಿಲ್ಲ.